ಒತ್ತಿ ನೋಡು, ಕೂರಬೇಡ

ಕೊಟ್ಟೂರಿನ ಬಸ್ ನಿಲ್ದಾಣದಿಂದ ಪೇಟೆಯ ಕಡೆ ಬರುವ ದಾರಿಯಲ್ಲಿ ನನ್ನ ಅಂಗಡಿ ಇದೆ. ಬೋರ್ಡಿನ ಮೇಲೆ ಕುಶನ್ ವರ್ಕ್ಸ್ ಎಂದು ಬರೆಸಿದ್ದೇನೆ, ಜನ ಸ್ಪಂಜಿನಂಗಡಿ ಅನ್ನುತ್ತಾರೆ. ಪಾಲಿಯುರೆಥೇನ್ ಫೋಮ್ ಎಂಬುದು ಅದರ ಪೂರ್ತಿ ಹೆಸರು. ದಾವಣಗೆರೆಯಿಂದ ಬರುವ ದಿಂಡುಗಳ ಚೀಟಿಯ ಮೇಲೆ ಹಾಗೆ ಅಚ್ಚಾಗಿರುತ್ತದೆ. ಅದನ್ನು ಓದಿ ನಾಲಿಗೆ ಹೊರಳಿಸುವಷ್ಟರಲ್ಲಿ ಗಿರಾಕಿ ಎದ್ದು ಹೋಗಿರುತ್ತಾನೆ, ಹಾಗಾಗಿ ನಾನೂ ಸ್ಪಂಜು ಎಂದೇ ಅನ್ನುತ್ತೇನೆ.

ಈ ಸೀಮೆಯಲ್ಲಿ ಸ್ಪಂಜು ಎಲ್ಲೆಲ್ಲಿ ಸೇರಿಕೊಂಡಿದೆ ಎಂಬುದು ನನಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿರಲಿಕ್ಕಿಲ್ಲ. ಬೈಕು, ಆಟೋ, ಸೋಫಾ ಬಿಡಿ, ಅವು ಎಲ್ಲರ ಕಣ್ಣಿಗೂ ಕಾಣುವಂಥವು. ಇಟ್ಟಿಗಿಯ ಗಿರಾಕಿಯೊಬ್ಬರು ಟ್ರ್ಯಾಕ್ಟರಿನ ಸೀಟನ್ನು ಬಿಚ್ಚಿ ಹೆಗಲ ಮೇಲೆ ಹೊತ್ತು ಬಸ್ಸು ಹತ್ತಿ ಬರುತ್ತಾರೆ. ಹಂಪಸಾಗರದ ರೈತರೊಬ್ಬರಿಗೆ ಎತ್ತಿನ ಹೆಗಲು ಬಾತಿದೆ ಎಂದು ನೊಗಕ್ಕೆ ಸುತ್ತಲು ಬೇಕು. ಕಳೆ ತೆಗೆಯುವ ಹೆಂಗಸರು ಮೊಣಕಾಲಿಗೆ ಕಟ್ಟಿಕೊಳ್ಳಲು ಚೂರುಪಾರು ಆರಿಸಿಕೊಂಡು ಹೋಗುತ್ತಾರೆ. ವಯಸ್ಸಾದವರು ನಮಾಜಿನ ಚಾಪೆ ಜಾನಿಮಾಜಿನ ಕೆಳಗೆ ಹಾಸಲು ತೆಳ್ಳನೆಯ ಹಾಳೆ ಒಯ್ಯುತ್ತಾರೆ, ಭಜನೆ ಮಂಡಳಿಯವರು ಮೈಕಿನ ಮೂತಿಗೆ ಟೋಪಿ ಮಾಡಿಸುತ್ತಾರೆ. ಹಡಗಲಿಯಿಂದ ಬರುವ ಬಳೆಗಾರ್ತಿಯ ಪೆಟ್ಟಿಗೆಯಲ್ಲಿ ಗಾಜಿನ ಬಳೆಗಳು ಬಸ್ಸಿನ ಕುಲುಕಾಟಕ್ಕೆ ಒಡೆಯದೆ ಉಳಿದಿರುವುದೂ ನನ್ನ ಸ್ಪಂಜಿನಿಂದಲೇ. ತಲೆಯ ಮೇಲೆ ಹೊರೆ ಹೊರುವವರು ಹಳೆ ಸೀರೆಯ ಸಿಂಬಿ ಬಿಟ್ಟು ಸ್ಪಂಜಿನ ಸಿಂಬಿ ಕೇಳುವ ಕಾಲವಿದು. ಒಂದೊಂದು ಸಲ ಅನ್ನಿಸುತ್ತದೆ, ಈ ಐದು ತಾಲ್ಲೂಕಿನ ಗಟ್ಟಿ ನೆಲಕ್ಕೂ ಜನರ ಎಲುಬಿಗೂ ನಡುವೆ ನಾನೊಬ್ಬಳೇ ಅಡ್ಡ ನಿಂತಿದ್ದೇನೆ ಎಂದು. ಜಂಬ ಅನ್ನಿ, ಪರವಾಗಿಲ್ಲ.

ನಾವು ಪಿಂಜಾರರು. ಹತ್ತಿ ಹಿಂಜುವುದು, ಗಾದಿ ತುಂಬುವುದು ನಮ್ಮ ಮನೆತನದ ಕಸುಬು. ಅಪ್ಪ ಹತ್ತಿ ಹಿಂಜುವ ಆಳೆತ್ತರದ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಸೀಮೆಯ ಊರೂರು ತಿರುಗಿದವರು. ಗಂಟುಗಟ್ಟಿದ ಹಳೆ ಹತ್ತಿಯನ್ನು ಜನರ ಅಂಗಳದಲ್ಲೇ ಹಿಂಜಿ, ಹೊಸ ಚೀಲದಲ್ಲಿ ತುಂಬಿ, ಹೊಲಿದು, ಸಂಜೆಗೆ ಗಾದಿ ಮಾಡಿ ಕೊಡುತ್ತಿದ್ದರು. ಅವರ ಒಂದು ಕಟ್ಟಳೆ ಇತ್ತು. ಗಾದಿ ಮಾಡಿದವರು ಗಿರಾಕಿಯ ಗಾದಿಯ ಮೇಲೆ ಕೂರಬಾರದು. ಮುಷ್ಟಿಯಿಂದ ಒತ್ತಿ ನೋಡಬಹುದು, ತಟ್ಟಿ ನೋಡಬಹುದು, ಅಷ್ಟೇ. ಮೊದಲ ನಿದ್ದೆ ಗಿರಾಕಿಯದು, ಅದನ್ನು ನಾವು ಮುಟ್ಟಿದರೆ ಗಾದಿಯ ನಿದ್ದೆ ಕೆಡುತ್ತದೆ ಎಂದು ಅಪ್ಪ ನಂಬಿದ್ದರು. ಚಿಕ್ಕಂದಿನಲ್ಲಿ ಒಮ್ಮೆ ಯಾರದೋ ಮದುವೆಯ ಗಾದಿಯ ಮೇಲೆ ಉರುಳಾಡಿದ್ದಕ್ಕೆ ಬೆನ್ನಿಗೆ ಬಿದ್ದ ಏಟು ನನಗೆ ಇನ್ನೂ ನೆನಪಿದೆ. ಅದಾದ ಮೇಲೆ ನಾನೂ ಒತ್ತಿಯೇ ನೋಡಿದೆ.

ಸ್ಪಂಜು ಬಂದಾಗ ಅಪ್ಪ ಅದನ್ನು ಗಾಳಿ ಗಾದಿ ಎಂದು ಹೀಯಾಳಿಸಿದರು. ನಾನು ಹಟ ಹಿಡಿದು ಅಂಗಡಿ ಹಾಕಿದೆ. ಹೆಣ್ಣುಮಗಳು ರಸ್ತೆಗೆ ಕೂತು ಸೀಟು ಹೊಲಿಯುವುದೇ ಎಂದವರು ಇದ್ದರು. ಅವರ ಬೈಕಿನ ಸೀಟೂ ಒಂದು ದಿನ ಹರಿಯುತ್ತದೆ ಎಂದು ಸುಮ್ಮನಿದ್ದೆ, ಹರಿಯಿತು, ಬಂದರು. ನನ್ನ ಗಂಡ ಟ್ರ್ಯಾಕ್ಟರ್ ಮೆಕ್ಯಾನಿಕ್ಕು. ಈ ಕಥೆಯಲ್ಲಿ ಅವನಿಗೆ ಹೆಚ್ಚು ಕೆಲಸವಿಲ್ಲ. ಕೆಲಸವಿರುವುದು ನನ್ನ ಅಕ್ಕನಿಗೆ.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಹರೆಯದ ವಯಸ್ಸಿನಲ್ಲಿ ಮಾಳಿಗೆಯ ಮೇಲೆ ಹತ್ತಿ ಒಣಹಾಕಲು ಹೋಗಿ, ಅಂಚು ತಪ್ಪಿ ಅಂಗಳಕ್ಕೆ ಬಿದ್ದಳು. ಜೀವ ಉಳಿಯಿತು, ಸೊಂಟದಿಂದ ಕೆಳಗೆ ಏನೂ ಉಳಿಯಲಿಲ್ಲ. ಚಿವುಟಿದರೂ ಗೊತ್ತಾಗುವುದಿಲ್ಲ, ಸುಟ್ಟರೂ ಗೊತ್ತಾಗುವುದಿಲ್ಲ. ಅವಳಿಗೆ ಗೊತ್ತಿದ್ದದ್ದು ಹೊಲಿಗೆ. ನನ್ನ ಗಂಡ ಮೋಟರು ಮೆಷಿನ್ನಿನ ಪೆಡಲನ್ನು ಕಾಲ ಬುಡದಿಂದ ಕಿತ್ತು ಮೇಜಿನ ಮೇಲೆ ಎಡಕ್ಕೆ ಕೂರಿಸಿಕೊಟ್ಟ. (ಇಷ್ಟೇ ಅವನ ಪಾತ್ರ.) ಅಕ್ಕ ಎಡ ಮೊಣಕೈಯಿಂದ ಅದನ್ನು ಒತ್ತುತ್ತ ಬಲಗೈಯಿಂದ ರೆಕ್ಸಿನ್ ತಳ್ಳುತ್ತ ಹೊಲಿಯುತ್ತಾಳೆ. ಅವಳು ಹೊಲಿದ ಕವರಿನಲ್ಲಿ ಒಂದು ಸುಕ್ಕು ಹುಡುಕಿ ಕೊಟ್ಟವರಿಗೆ ಅಂಗಡಿಯನ್ನೇ ಬರೆದುಕೊಡುತ್ತೇನೆ ಎಂದು ಗಿರಾಕಿಗಳಿಗೆ ಸವಾಲು ಹಾಕುತ್ತಿದ್ದೆ. ತನ್ನ ಗಾಲಿಕುರ್ಚಿಯಲ್ಲಿ ಕೂತು ಮೆಷಿನ್ನಿನ ಮುಂದಿದ್ದಾಗ ಅವಳು ಯಾರಿಗೂ ಕಡಿಮೆಯವಳಲ್ಲ. ನನಗೆ ಬೈಯುವ ಹಕ್ಕೂ ಆಗ ಅವಳಿಗೆ ಪೂರ್ತಿ ಬರುತ್ತಿತ್ತು.

ಗಾಲಿಕುರ್ಚಿಯ ಹಾಸು ಬರೀ ರೆಕ್ಸಿನ್ನಿನದು, ಜೋಲಿ ಬಿದ್ದಿತ್ತು. ಅದಕ್ಕೆ ಹಲಗೆ ಹಾಕಿ ನಾನೇ ಒಂದು ಗಾದಿ ಮಾಡಿಕೊಟ್ಟೆ. ಅಂಗಡಿಯಲ್ಲಿದ್ದ ಮೆತ್ತನೆಯ ಬಿಳಿ ಸ್ಪಂಜನ್ನೇ ಆರಿಸಿದೆ. ಅಪ್ಪ ಕಲಿಸಿದಂತೆ ಮುಷ್ಟಿಯಿಂದ ಒತ್ತಿ ನೋಡಿದೆ, ಕೈ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು, ಮತ್ತೆ ಹಿತವಾಗಿ ಉಬ್ಬಿ ಬಂತು. ಮೇಲೆ ಕೆಂಪು ಮಖಮಲ್ಲಿನ ಕವರು, ಅಕ್ಕನೇ ಹೊಲಿದದ್ದು. ಲೋಕದ ಗಿರಾಕಿಗಳಿಗೆಲ್ಲ ಮಾಡಿದ್ದಕ್ಕಿಂತ ಚೆನ್ನಾಗಿ ಮಾಡಿದ್ದೇನೆ ಎಂದು ಹಿಗ್ಗಿದೆ. ಕೂತು ನೋಡಲಿಲ್ಲ. ಅಕ್ಕ ಕೂತಳು, ಆದರೆ ಅವಳಿಗೆ ಹೇಗಿದೆ ಎಂದು ಹೇಳಲು ಆ ಭಾಗದಲ್ಲಿ ಸ್ಪರ್ಶವೇ ಇಲ್ಲ. ಹೀಗೆ ಆ ಗಾದಿಯನ್ನು ಯಾರೂ ಕೂತು ನೋಡಲೇ ಇಲ್ಲ.

ಕೆಲವು ತಿಂಗಳ ಮೇಲೆ ಮಖಮಲ್ಲಿನ ಮೇಲೆ ಒಂದು ಕಲೆ ಕಂಡಿತು. ಚಹಾ ಚೆಲ್ಲಿರಬೇಕು ಅಂದುಕೊಂಡೆ. ಮರುದಿನ ವಾಸನೆ ಬಂತು. ಅಕ್ಕನನ್ನು ಮಗ್ಗುಲಿಗೆ ಹೊರಳಿಸಿ ನೋಡಿದರೆ, ಕೂರುವ ಎಲುಬಿನ ಮೇಲೆ ಚರ್ಮ ಕಪ್ಪಾಗಿ ಒಡೆದಿತ್ತು. ಕೂಡ್ಲಿಗಿಯ ಆಸ್ಪತ್ರೆಗೆ ಒಯ್ದೆವು. ಅಲ್ಲಿ ಗಾಯ ತೊಳೆಯುತ್ತಿದ್ದ ಸಿಸ್ಟರಮ್ಮ ಹೇಳಿದ ಮಾತು ಇದು: ಹೊರಗೆ ಕಾಣುವುದು ಹುಣಸೆ ಬೀಜದಷ್ಟು, ಒಳಗೆ ಗಾಯ ಅಂಗೈಯಷ್ಟಿದೆ, ಎಲುಬಿಗೆ ಮುಟ್ಟಿದರೆ ಮುಂದೆ ಕೂರುವ ಮಾತೇ ಇಲ್ಲ. ಗಾಯ ತುಂಬುವವರೆಗೆ ಬೋರಲು ಮಲಗಬೇಕು. ತುಂಬಿದ ಮೇಲೆ ಮತ್ತೆ ಒಡೆದರೆ ಬದುಕೆಲ್ಲ ಬೋರಲು. ಆಮೇಲೆ ಆಕೆ ನಾನು ಮಾಡಿದ ಗಾದಿಯನ್ನು ಬೆಂಚಿನ ಮೇಲಿಟ್ಟು, ಮೊಣಕೈ ಊರಿ, ಮೈಭಾರ ಬಿಟ್ಟು ಒತ್ತಿದಳು. ಮೊಣಕೈ ನೇರ ಹಲಗೆಗೆ ಬಡಿಯಿತು.

"ಇದರಾಗ ಸ್ಪಂಜ್ ಎಲ್ಲೈತ್ರಿ?" ಎಂದು ಕೇಳಿದಳು. "ಇವರು ಇಷ್ಟ್ ದಿನ ಹಲಗಿ ಮ್ಯಾಲ ಕುಂತಾರ."

ಬೈದಿದ್ದರೆ ಉತ್ತರ ಕೊಡುತ್ತಿದ್ದೆ, ಬಾಯಿ ನನಗೂ ಇದೆ. ಆಕೆ ಬೈಯಲಿಲ್ಲ. ಅಲ್ಲಿಂದ ಹೊರಗೆ ಬಂದು ಆಸ್ಪತ್ರೆಯ ಕಟ್ಟೆಯ ಮೇಲೆ ಕೂತು ಅತ್ತೆ. ಊರೆಲ್ಲರ ಎಲುಬು ಕಾಯುತ್ತೇನೆ ಎಂದು ಮೆರೆಯುವವಳ ಮನೆಯಲ್ಲಿ, ಸ್ವಂತ ಅಕ್ಕನ ಮಾಂಸವನ್ನು ನನ್ನ ಕೈಯ ಗಾದಿಯೇ ತಿಂದಿತ್ತು. ಮುಷ್ಟಿಗೆ ಮೆತ್ತಗೆ ಕಂಡದ್ದು ಮೈಭಾರಕ್ಕೆ ಕುಸಿಯುತ್ತದೆ ಎಂಬ ಸಣ್ಣ ವಿಷಯ ಇಪ್ಪತ್ತು ವರ್ಷ ಸ್ಪಂಜು ಕೊಯ್ದವಳಿಗೆ ತಿಳಿಯದೆ ಹೋಗಿತ್ತು. ಹತ್ತಿಯ ಗಾದಿಗೆ ಮುಷ್ಟಿ ಸಾಕಿತ್ತು. ಹತ್ತಿ ಒತ್ತಿದಷ್ಟೂ ಗಟ್ಟಿಯಾಗುತ್ತದೆ, ಭಾರವನ್ನು ಎದುರಿಸಿ ನಿಲ್ಲುತ್ತದೆ. ಬರೀ ಮೆತ್ತನೆಯ ಸ್ಪಂಜು ಜಾಗ ಬಿಟ್ಟುಕೊಟ್ಟು ಪಕ್ಕಕ್ಕೆ ಸರಿಯುತ್ತದೆ.

ಅಕ್ಕ ನಾಲ್ಕೂವರೆ ತಿಂಗಳು ಬೋರಲು ಮಲಗಿದಳು. ಅಂಗಡಿಯ ಹಿಂದಿನ ಕೋಣೆಯಲ್ಲಿ ಬಾಗಿಲಿನ ಎದುರಿಗೇ ಮಂಚ ಹಾಕಿದೆವು, ಮುಂದಿನ ವ್ಯಾಪಾರ ಅವಳಿಗೆ ಕಾಣಲಿ ಎಂದು. ಎದೆಯ ಕೆಳಗೆ ದಿಂಬು, ಮುಂದೊಂದು ಮಣೆ. ಆ ಮಣೆಯ ಮೇಲೆ ರೆಕ್ಸಿನ್ನಿಗೆ ಸೀಮೆಸುಣ್ಣದ ಗೆರೆ ಎಳೆದು ಕೊಡುತ್ತಿದ್ದಳು, ಹೊಲಿಗೆ ನಾನು ಹಾಕುತ್ತಿದ್ದೆ. ನನ್ನ ಹೊಲಿಗೆ ನೋಡಿ ಹಾವು ಹೋದ ಹಾಗೆ ಇದೆ ಎಂದು ಮಲಗಿದಲ್ಲಿಂದಲೇ ಕಿಚಾಯಿಸುತ್ತಿದ್ದಳು. ಒಂದು ದಿನ ಮಾತ್ರ ಕಿಚಾಯಿಸಲಿಲ್ಲ. ಮಣೆಯ ಮೇಲೆ ಗಲ್ಲವಿಟ್ಟು ಹೇಳಿದಳು: "ನೋಡಲೇ, ಕಾಲು ಹೋದ್ವು, ಹೋಗ್ಲಿ ಅಂತ ಬಿಟ್ಟೆ. ಕುಂದ್ರೂದು ಮಾತ್ರ ಬಿಡಂಗಿಲ್ಲ. ನೀನ ಕೆಡಿಸಿದಿ, ನೀನ ಸರಿ ಮಾಡು."

ಮಾಡುತ್ತೇನೆ ಅಂದೆ. ಆ ಗಳಿಗೆಯಿಂದ ನನಗೆ ಅದೊಂದೇ ಕೆಲಸ. ಅವಳು ಮತ್ತೆ ಕೂರಬೇಕು, ಗಾಯ ಮರಳಬಾರದು.

ಮೊದಲು ನನ್ನ ತಲೆಗೆ ಹೊಳೆದದ್ದು ಸಿಂಬಿ. ಹೊರೆ ಹೊರುವವರ ನೆತ್ತಿ ನೋಯದಿರಲು ಸಿಂಬಿ ಇಲ್ಲವೇ? ಗಾಯವಾದ ಜಾಗ ಯಾವುದಕ್ಕೂ ತಾಕದಂತೆ ನಡುವೆ ತೂತು ಬಿಟ್ಟರೆ ಮುಗಿಯಿತು. ಮೂಲವ್ಯಾಧಿಯವರಿಗೆ ಅಂಥ ತೂತಿನ ಗಾದಿಗಳನ್ನು ಎಷ್ಟೋ ಮಾಡಿಕೊಟ್ಟಿದ್ದೆ. ಗಟ್ಟಿ ಸ್ಪಂಜಿನಲ್ಲಿ ದುಂಡಗೆ ಕೊಯ್ದು ಆಸ್ಪತ್ರೆಗೆ ಒಯ್ದು ತೋರಿಸಿದೆ. ಎಲ್ಲರ ಮನೆ ದೋಸೆಯೂ ತೂತೇ, ನಮ್ಮದು ಸ್ವಲ್ಪ ದೊಡ್ಡ ತೂತು ಎಂದು ನಗಿಸಲು ನೋಡಿದೆ. ಸಿಸ್ಟರಮ್ಮ ನಗಲಿಲ್ಲ. ನನ್ನ ಬೆರಳಿಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿ, ಕಾಯಲು ಹೇಳಿದಳು. ತುದಿ ನೀಲಿಯಾಯಿತು. ಸುತ್ತಲೂ ಅಮುಕಿದರೆ ನಡುವೆ ರಕ್ತ ಎಲ್ಲಿಂದ ಬರಬೇಕು ಎಂದು ಕೇಳಿದಳು. ಸಿಂಬಿಯನ್ನು ಅಲ್ಲೇ ಕಸದ ಬುಟ್ಟಿಯ ಪಕ್ಕ ಬಿಟ್ಟು ಬಂದೆ.

ಆವತ್ತು ಆಕೆ ಎರಡು ಪಾಠ ಹೇಳಿಕೊಟ್ಟಳು. ಕೂತವರ ಎಲುಬಿನ ಕೆಳಗೆ ಗಾದಿಯ ಅಡಿಯಿಂದ ಕೈ ತೂರಿಸಬೇಕು. ಎಲುಬಿಗೂ ಕೈಗೂ ನಡುವೆ ಒಂದು ಅಂಗುಲವಾದರೂ ಸ್ಪಂಜು ಉಸಿರಾಡುತ್ತಿರಬೇಕು. ಎದ್ದ ಮೇಲೆ ಚರ್ಮ ನೋಡಬೇಕು, ಕೆಂಪು ಇದ್ದರೆ ಅದು ಸ್ವಲ್ಪ ಹೊತ್ತಿನಲ್ಲಿ ಅಳಿಯಬೇಕು, ಅಳಿಯದಿದ್ದರೆ ಅದು ಹೊಸ ಗಾಯದ ಮುನ್ಸೂಚನೆ. ಉಳಿದದ್ದು ನಿಮ್ಮ ಕಸುಬು, ನನಗೆ ತಿಳಿಯದು ಅಂದಳು. ಆ ಮಾತು ನನಗೆ ಬೈಗುಳಕ್ಕಿಂತ ಚುರುಕಾಗಿ ತಾಕಿತು. ಹೌದು, ನನ್ನ ಕಸುಬು. ಕಸುಬಿನಲ್ಲಿ ನಾನು ಮಾಡದೆ ಬಿಟ್ಟದ್ದು ಒಂದೇ ಒಂದು.

ಮನೆಗೆ ಬಂದವಳೇ ಅಕ್ಕನ ಗಾಲಿಕುರ್ಚಿಯನ್ನು ಅಂಗಡಿಯ ನಡುವೆ ಎಳೆದು, ಹೊಸ ಸ್ಪಂಜಿನ ತುಂಡು ಹಾಕಿ, ಅದರಲ್ಲಿ ಕೂತೆ. ಅಪ್ಪ ಆಗ ಬಾಗಿಲ ಬಳಿ ಚಹಾ ಕುಡಿಯುತ್ತಿದ್ದರು. ಎಂಬತ್ತು ದಾಟಿದ ಮನುಷ್ಯ, ಕಣ್ಣು ಮಂಜಾದರೂ ಕಾಣಬೇಕಾದ್ದು ಕಂಡೇ ಕಾಣುತ್ತದೆ. ಬಸಿ ಕೆಳಗಿಟ್ಟು, ಏಳು ಅಂದರು. ಏಳಲಿಲ್ಲ. ಒಂದು, ಅದು ಬೇರೆಯವರ ಗಾದಿ. ಎರಡು, ಅದು ಕಾಲಿಲ್ಲದವರ ಕುರ್ಚಿ. ಕಾಲಿದ್ದವರು ಬೇಕೆಂದೇ ಅದರಲ್ಲಿ ಕೂತರೆ ಆ ಕುರ್ಚಿ ಅವರನ್ನು ಬಿಡುವುದಿಲ್ಲ ಎಂದು ಅಪ್ಪನ ಭಯ. ಒಬ್ಬ ಮಗಳನ್ನು ಕುರ್ಚಿಗೆ ಕೊಟ್ಟವರು ಇನ್ನೊಬ್ಬಳನ್ನೂ ಅದರಲ್ಲಿ ನೋಡಬೇಕಾಯಿತು. ಆದರೂ ಏಳಲಿಲ್ಲ.

"ಒತ್ತಿ ನೋಡಿದ್ದಕ್ಕ ಅಕ್ಕಗ ತೂತು ಬಿದ್ದೈತಪ್ಪ," ಅಂದೆ. "ಇನ್ನ ನಾ ಕುಂತ ನೋಡಾಕಿ."

ಅಪ್ಪ ಎದ್ದು ಮಸೀದಿಯ ಕಡೆ ಹೋದರು. ಎಂಟು ದಿನ ನನ್ನ ಜೊತೆ ಮಾತಾಡಲಿಲ್ಲ.

ಕೂರುವುದು ಸುಲಭ ಎಂದುಕೊಂಡಿದ್ದೆ. ಕೂತು ಉಣ್ಣುವವರಿಗೆ ಕುಡಿಕೆ ಹೊನ್ನು ಸಾಲದು ಎಂದು ಗಾದೆ ಕಟ್ಟಿದವರು ಅಲುಗಾಡದೆ ಕೂತು ನೋಡಿರಲಿಲ್ಲ ಎಂದು ಕಾಣುತ್ತದೆ. ನಾವು ಕೂತಿದ್ದೇವೆ ಅಂದುಕೊಳ್ಳುತ್ತೇವೆ, ನಿಜದಲ್ಲಿ ಗಳಿಗೆಗೊಮ್ಮೆ ಸರಿಯುತ್ತೇವೆ, ಕಾಲ ಮೇಲೆ ಕಾಲು ಹಾಕುತ್ತೇವೆ, ಒಂದು ಬದಿಗೆ ವಾಲುತ್ತೇವೆ. ನೋವು ನಮಗೆ ತಿಳಿಯುವ ಮೊದಲೇ ಮೈಗೆ ತಿಳಿದಿರುತ್ತದೆ. ಅಕ್ಕನ ಮೈಗೆ ಆ ಸುದ್ದಿ ಮುಟ್ಟುವುದಿಲ್ಲ. ಹಾಗಾಗಿ ನಾನೂ ಸರಿಯಬಾರದು. ಅಕ್ಕನ ಕೈಗೆ ಮರದ ಗಜಕಡ್ಡಿ ಕೊಟ್ಟು, ನಾನು ಅಲುಗಾಡಿದರೆ ತಟ್ಟು ಎಂದು ಕುರ್ಚಿಯನ್ನು ಅವಳ ಮಂಚದ ತಲೆಗೆ ತಂದು ನಿಲ್ಲಿಸಿದೆ. ಅವಳಿಗೆ ಬೋರಲು ಬಿದ್ದ ದಿನದಿಂದ ಇಂಥ ಸುಖ ಸಿಕ್ಕಿರಲಿಲ್ಲ. ತಟ್ಟಬೇಕಾದ್ದಕ್ಕಿಂತ ಎರಡು ಹೆಚ್ಚೇ ತಟ್ಟಿದಳು.

ಅಂಗಡಿಗೆ ಬಂದವರಿಗೆ ಗಾಬರಿ. ಹರಪನಹಳ್ಳಿ ಕಡೆಯ ಅರಸೀಕೆರೆಯಿಂದ ಆಟೋ ಸೀಟು ತಂದ ಹಳೇ ಗಿರಾಕಿಯೊಬ್ಬರು ನನ್ನನ್ನು ಗಾಲಿಕುರ್ಚಿಯಲ್ಲಿ ಕಂಡು ಚಪ್ಪಲಿ ಬಿಟ್ಟು ಒಳಗೆ ಬಂದು, ಯಾವಾಗ ಹೀಗಾಯಿತು ಎಂದು ಮೆಲ್ಲಗೆ ಕೇಳಿ, ಲಕ್ವಕ್ಕೆ ಎಣ್ಣೆ ಕೊಡುವವರ ಊರು ಹೇಳಿದರು. ಅಲುಗಾಡುವಂತಿಲ್ಲವಾದ್ದರಿಂದ ಕುತ್ತಿಗೆಯನ್ನೂ ತಿರುಗಿಸದೆ, ಚೆನ್ನಾಗಿದ್ದೇನೆ ಎಂದೆ. ಅವರು ಕಣ್ಣೊರೆಸಿಕೊಂಡರು. ಹಿಂದೆ ಅಕ್ಕ ದಿಂಬಿನಲ್ಲಿ ಮುಖ ಹುದುಗಿಸಿ ನಗುತ್ತಿದ್ದಳು. ಆಮೇಲೆ ನಾನು ಎದ್ದು ನಿಂತು ಅವರ ಸೀಟು ಬಿಚ್ಚಿದಾಗ ಆ ಮನುಷ್ಯ ಹೆದರಿದ್ದು ಬೇರೆ ಮಾತು.

ದಿನಕ್ಕೊಂದು ತುಂಡು ಹಾಕಿ ಕೂತೆ. ಬರೀ ಮೆತ್ತನೆಯದು ಕಾಲು ಗಂಟೆಯಲ್ಲಿ ಹಲಗೆಯಾಯಿತು. ಬರೀ ಗಟ್ಟಿಯದು ಕೂತ ಕೂಡಲೇ ಹಲಗೆ. ಚೂರುಗಳನ್ನು ಒತ್ತಿ ಮಾಡಿದ ಬಣ್ಣಬಣ್ಣದ ದಿಂಡು ಬಸ್ಸಿನ ಸೀಟಿಗೆ ಸರಿ, ಎಲುಬಿಗೆ ಸಲ್ಲದು. ಕಡೆಗೆ ಮೂರು ಪದರಿಗೆ ಬಂದು ನಿಂತೆ. ಅಡಿಯಲ್ಲಿ ಕುಸಿಯದ ಗಟ್ಟಿ, ನಡುವೆ ಪುಟಿಯುವಂಥದ್ದು, ಮೇಲೆ ಬೆರಳೊತ್ತಿದರೆ ಗುರುತು ಹಿಡಿದು ನಿಧಾನಕ್ಕೆ ಬಿಡುವ ಮೆಮೊರಿ ಫೋಮು. ಅದರ ಮೇಲೆ ಗಂಟೆಗಟ್ಟಲೆ ಕೂತೆ, ಹಿತವಾಗಿತ್ತು. ಆದರೆ ನಾನು ಮೈತುಂಬಿಕೊಂಡ ಹೆಂಗಸು, ಅಲ್ಲಾ ಕೊಟ್ಟ ಗಾದಿಯೊಂದು ನನಗೆ ಹುಟ್ಟಿನಿಂದಲೇ ಇದೆ. ಅಕ್ಕನಿಗೆ ಇರುವುದು ಎಲುಬು ಮತ್ತು ಚರ್ಮ. ಅವಳ ಎಲುಬು ಎಲ್ಲಿ ಇಳಿಯುತ್ತದೆ ಎಂದು ನನ್ನ ಮೈ ಹೇಳಲಾರದು.

ಅಷ್ಟು ಹೊತ್ತಿಗೆ ಗಾಯ ತುಂಬಿ ಹೊಸ ಚರ್ಮ ಬಂದಿತ್ತು. ಒಂದೆರಡು ನಿಮಿಷ ಕೂರಿಸಿ ನೋಡಲು ಸಿಸ್ಟರಮ್ಮ ಒಪ್ಪಿದಳು. ಬಿಲ್ಲು ಬುಕ್ಕಿನ ಕಾರ್ಬನ್ ಹಾಳೆಯನ್ನು ಬಿಳಿ ಕಾಗದದ ಮೇಲೆ ಹಾಸಿ, ಅದರ ಮೇಲೆ ತೆಳು ಬಟ್ಟೆ ಹಾಕಿ, ಅಕ್ಕನನ್ನು ಎತ್ತಿ ಮೆಲ್ಲಗೆ ಕೂರಿಸಿ, ಮತ್ತೆ ಎತ್ತಿದೆವು. ಕಾಗದದಲ್ಲಿ ಎರಡು ನೀಲಿ ಕಲೆ. ಎಡಗಡೆಯದು ತಿಳಿ, ಬಲಗಡೆಯದು ಗಾಢ, ಗಾಯವಾಗಿದ್ದ ಬದಿ. ಎಡ ಮೊಣಕೈಯನ್ನು ಪೆಡಲಿನ ಮೇಲೆ ಊರಿದಾಗೆಲ್ಲ ಎಡಗಡೆಯ ಭಾರ ಮೇಜು ಹೊತ್ತು, ರೆಕ್ಸಿನ್ ತಳ್ಳುವ ಬಲಕ್ಕೆ ವಾಲಿ ವಾಲಿ ಅವಳ ಸೊಂಟವೇ ಆ ಕಡೆ ತೂಗಿತ್ತು. ಆ ಕಾಗದವನ್ನು ಸ್ಪಂಜಿನ ಮೇಲೆ ಗುಂಡುಸೂಜಿಯಿಂದ ಚುಚ್ಚಿ, ಕಲೆ ಬಿದ್ದಲ್ಲಿ ಗಟ್ಟಿ ಪದರನ್ನು ಬಟ್ಟಲಿನಂತೆ ತೋಡಿ, ತೋಡಿದಲ್ಲಿ ಮೆತ್ತನೆಯದನ್ನು ತುಂಬಿದೆ. ತೊಡೆಯ ಕಡೆ ಎತ್ತರ ಬಿಟ್ಟೆ, ಭಾರ ಅಲ್ಲಿಗೂ ಹಂಚಿ ಹೋಗಲಿ ಎಂದು.

ಅಪ್ಪನ ಮುನಿಸಿಗೆ ಎಂಟು ದಿನ ಮುಗಿದಿರಬೇಕು. ಅಪ್ಪ ಬಂದು ಗಾದಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಅಂಗೈಯಿಂದ ಒತ್ತಲಿಲ್ಲ, ಕೈಯ ಹಿಂಬದಿಯನ್ನು ಸ್ಪಂಜಿನ ಮೇಲೆ ನಿಧಾನಕ್ಕೆ ಆಡಿಸಿದರು, ಹಿಂಜಿದ ಹತ್ತಿಯಲ್ಲಿ ಉಳಿದ ಗಂಟು ಹುಡುಕುವಾಗ ಮಾಡುತ್ತಿದ್ದಂತೆ. ಬಲಗಡೆಯ ಬಟ್ಟಲಿನ ಬಳಿ ಕೈ ನಿಂತಿತು.

"ಇಲ್ಲಿ ಗಂಟೈತಿ," ಅಂದರು.

ಗಂಟಲ್ಲ, ನಾನು ಪದರು ಅಂಟಿಸಲು ಬಳಿದ ಸೊಲ್ಯೂಷನ್ನು. ಒಣಗಿ ಒಳಗೇ ಚಕ್ಕೆಯಾಗಿತ್ತು. ಎಷ್ಟು ದಿನ ಕೂತರೂ ನನಗೆ ತಿಳಿಯದ್ದು ಮಂಜು ಕಣ್ಣಿನ ಅಪ್ಪನ ಕೈಗೆ ಸಿಕ್ಕಿತು. ಅವರ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಬಿಡಲಿಲ್ಲ. ಅಂಟು ಅಂಚಿಗೆ ಮಾತ್ರ ಇರಲಿ, ಎಲುಬಿನ ಕೆಳಗೆ ಬೇಡ ಎಂದು ಅವರೇ ಹೇಳಿದರು. ಪೂರ್ತಿ ಬಿಚ್ಚಿ ಮತ್ತೆ ಕೊಯ್ದೆ. ಕವರನ್ನು ಅಕ್ಕ ಬೋರಲು ಮಲಗಿದಲ್ಲೇ, ಎಂದಿನ ಅಚ್ಚುಕಟ್ಟಿನಲ್ಲಿ ಕೈಸೂಜಿಯಿಂದ ಹೊಲಿದುಕೊಟ್ಟಳು.

ಅಕ್ಕನ ಕೂರುವಿಕೆ ಕಾಲು ಗಂಟೆಯಿಂದ ಶುರುವಾಯಿತು. ಗಾದಿಯ ಅಡಿಯಿಂದ ಕೈ ತೂರಿಸಿ ನೋಡಿದರೆ ಒಂದಂಗುಲಕ್ಕೂ ಮಿಗಿಲಾಗಿ ಸ್ಪಂಜಿತ್ತು. ಆದರೂ ಮಲಗಿಸಿ ನೋಡಿದಾಗ ಬಲಗಡೆ ಕೆಂಪು ಗುರುತು, ಅರ್ಧ ದಿನವಾದರೂ ಹೋಗಲಿಲ್ಲ. ಮರುದಿನ ಹಾಗೆಯೇ. ಸಾಕಾಯಿತು, ಹುಬ್ಬಳ್ಳಿಯಿಂದಲೋ ಎಲ್ಲಿಂದಲೋ ಗಾಳಿ ತುಂಬುವ ಗಾದಿ ತರಿಸೋಣ ಎಂದುಬಿಟ್ಟೆ. ಅಕ್ಕ ಗಾದಿಯನ್ನು ತನ್ನ ಮಂಚದ ಮೇಲೆ ಹಾಕು ಅಂದಳು. ಬೋರಲು ಮಲಗಿದಲ್ಲೇ ಅದರ ಕವರಿನ ಮೇಲೆ ಬೆರಳಿನಿಂದ ತಟ್ಟಿದಳು. ಡಬ್ ಎಂದು ತಮಟೆಯಂತೆ ಸದ್ದು ಬಂತು.

"ಕವರ್ ನಂದಲೇ," ಅಂದಳು. "ನಿನ್ನ ಸ್ಪಂಜಿಗೆ ಎಲುಬು ಮುಟ್ಟಾಕ ನಾನ ಬಿಟ್ಟಿಲ್ಲ."

ಒಂದು ಸುಕ್ಕೂ ಇಲ್ಲದಂತೆ ಬಿಗಿದು ಹೊಲಿಯುವುದು ನಮ್ಮ ಅಂಗಡಿಯ ಮಾನ. ಆ ಬಿಗಿ ಕವರು ಹಗ್ಗದ ಮಂಚದಂತೆ ಅವಳ ಮೈಯನ್ನು ಮೇಲೆಯೇ ತಡೆದು ನಿಲ್ಲಿಸಿತ್ತು, ಕೆಳಗೆ ಮೂರು ಪದರು ಸುಮ್ಮನೆ ಕೂತಿದ್ದವು. ನನ್ನ ಹೆಮ್ಮೆ ಮೆತ್ತನೆಯ ಸ್ಪಂಜಿನಲ್ಲಿ ಕೆಟ್ಟಿತ್ತು, ಅವಳ ಹೆಮ್ಮೆ ಬಿಗಿ ಹೊಲಿಗೆಯಲ್ಲಿ. ಆವತ್ತೇ ಅವಳು ಹಳೆ ಬನಿಯನ್ ಬಟ್ಟೆ ತರಿಸಿ, ಮಣೆಯ ಮೇಲೆ ಗೆರೆ ಹಾಕಿ, ಕೈಸೂಜಿಯಲ್ಲಿ ತಾನೇ ಹೊಲಿದಳು. ಜೀವಮಾನದಲ್ಲಿ ಅವಳು ಹೊಲಿದ ಮೊದಲ ಸಡಿಲು ಕವರು, ಮೈತುಂಬ ಸುಕ್ಕು. ಹೊಲಿಯುವಾಗ ಅವಳ ಮುಖ ನೋಡಬೇಕಿತ್ತು, ಬೇವಿನ ಕಷಾಯ ಕುಡಿದಂತಿತ್ತು.

ಕೆಂಪು ಅಳಿಯಿತು. ಕಾಲು ಗಂಟೆ ಅರ್ಧ ಗಂಟೆಯಾಯಿತು, ಅರ್ಧ ಒಂದಾಯಿತು. ಇಪ್ಪತ್ತು ನಿಮಿಷಕ್ಕೊಮ್ಮೆ ಕುರ್ಚಿಯ ಎರಡೂ ಕೈಗೆ ಭಾರ ಹಾಕಿ ಮೈ ಎತ್ತಬೇಕು, ಅದೂ ಸಿಸ್ಟರಮ್ಮನ ಅಪ್ಪಣೆ. ಮರೆತಾಗ ಈಗ ಗಜಕಡ್ಡಿ ನನ್ನ ಕೈಯಲ್ಲಿತ್ತು. ಪೆಡಲನ್ನು ಮೇಜಿನ ನಡುವಿಗೆ ತಂದು ಹಾಕಿಸಿದೆ, ಇನ್ನು ವಾಲುವಂತಿಲ್ಲ. ಪ್ರತಿದಿನ ಅವಳನ್ನು ಮಲಗಿಸಿ, ಬೆಳಕಿಗೆ ತಿರುಗಿಸಿ, ಬೆರಳೊತ್ತಿ ನೋಡುತ್ತಿದ್ದೆ. ನೋಡುವ ಮೊದಲು ಪ್ರತಿಸಲವೂ ಎದೆ ಹೊಡೆದುಕೊಳ್ಳುತ್ತಿತ್ತು. ಈಗಲೂ ಹೊಡೆದುಕೊಳ್ಳುತ್ತದೆ.

ಮೊನ್ನೆ ಒಂದು ದಿನ ಅವಳು ಬೆಳಿಗ್ಗೆ ಅಂಗಡಿ ತೆರೆದಾಗ ಮೆಷಿನ್ನಿಗೆ ಕೂತವಳು ಮಧ್ಯಾಹ್ನದ ಊಟದ ಹೊತ್ತಿನವರೆಗೆ ಕೂತಳು. ಹಗರಿಬೊಮ್ಮನಹಳ್ಳಿಯ ಶಾಲೆಯ ಕುರ್ಚಿಗಳ ಕವರು, ಒಂದು ರಾಶಿ. ನಡುನಡುವೆ ತಾನೇ ಮೈ ಎತ್ತಿಕೊಂಡಳು, ಗಜಕಡ್ಡಿ ಬೇಕಾಗಲಿಲ್ಲ. ಊಟಕ್ಕೆ ಮೊದಲು ಮಲಗಿಸಿ ನೋಡಿದೆ. ಬಲಗಡೆ ಹಳೆಯ ಗಾಯದ ತೆಳು ಗೆರೆ, ಅಷ್ಟೇ. ಕೆಂಪಿಲ್ಲ, ಬಿಸಿಯಿಲ್ಲ. ಏನೂ ಇಲ್ಲ ಅಕ್ಕ ಎಂದು ಹೇಳಿ ಸೀರೆ ಸರಿಮಾಡಿದೆ. ನನ್ನ ಕಣ್ಣು ತುಂಬಿತು, ಅದನ್ನು ಅವಳು ನೋಡದಿರಲಿ ಎಂದು ದಿಂಬು ಸರಿಪಡಿಸುವ ನೆಪ ಮಾಡಿದೆ.

ಅವಳು ಕುರ್ಚಿಯಲ್ಲಿದ್ದ ಗಾದಿಯ ಕಡೆ ನೋಡುತ್ತ ಕೇಳಿದಳು: "ನೀ ಇದರ ಮ್ಯಾಲ ಅಷ್ಟ್ ದಿನ ಕುಂತಿಯಲ್ಲ. ಹೆಂಗ ಅನಸ್ತೈತಿ?"

ಈ ಗಾದಿಯ ಅಂಗುಲ ಅಂಗುಲವೂ ಅವಳಿಗಾಗಿ ಆದದ್ದು. ಅದರ ಮೇಲೆ ಕೂತು ಬದುಕುವವಳಿಗೆ ಅದು ಹೇಗಿದೆ ಎಂದು ಇನ್ನೊಬ್ಬರು ಹೇಳಬೇಕು. ಹತ್ತಿಯಂತೆ ಅನ್ನಲೇ, ಬೆಣ್ಣೆಯಂತೆ ಅನ್ನಲೇ ಎಂದು ಯೋಚಿಸಿದೆ. ಗಿರಾಕಿಗಳಿಗೆ ಹೇಳುವ ಸುಳ್ಳುಗಳೆಲ್ಲ ಬಾಯಿಗೆ ಬಂದವು, ಒಂದನ್ನೂ ಹೇಳಲಾಗಲಿಲ್ಲ. ನಿಜವನ್ನೇ ಹೇಳಿದೆ.

"ಏನೂ ಅನಸಂಗಿಲ್ಲಕ್ಕ. ಕುಂತೀನಿ ಅನ್ನೂದ ಮರತ ಹೋಗತೈತಿ."

ಅಕ್ಕ ಅದನ್ನು ಮನಸ್ಸಿನಲ್ಲೇ ತೂಗಿ ನೋಡುವವಳಂತೆ ತಲೆಯಾಡಿಸಿದಳು.

"ಹಂಗಾದ್ರ ನಿನಗೂ ನನಗೂ ಒಂದ ಆತು ಬಿಡು," ಎಂದು ಹೇಳಿ, ಊಟ ತಾ ಅಂದಳು.